ನಿಮ್ಮ ಬ್ರೌಸರ್ ನಿಮ್ಮ ಮಾತು ಕೇಳುತ್ತದೆಯೇ?

ಹೊಸ ಬಾಡಿಗೆ ಮನೆಗೆ ಹೋದಾಗ ನಾವು ಹೆಂಗಸರು ಮೊದಲು ಮಾಡುವ ಕೆಲಸ ಏನು ಹೇಳಿ? ಹಾಲುಕ್ಕಿಸಿದ ಮಾರನೆಯ ದಿನವೇ ಅಡುಗೆಮನೆಯನ್ನು ನಮ್ಮ ಕೈಗೆ ತಕ್ಕಂತೆ ಜೋಡಿಸಿಕೊಳ್ಳುತ್ತೇವೆ. ಉಪ್ಪಿನ ಡಬ್ಬಿ ಒಲೆಯ ಪಕ್ಕಕ್ಕೆ, ಸಾರಿನ ಪುಡಿ ಕೈಗೆಟುಕುವಲ್ಲಿಗೆ, ಯಾವಾಗಲೋ ಬೇಕಾಗುವ ಚಕ್ಕುಲಿ ಒರಳು ಅಟ್ಟಕ್ಕೆ. ಕತ್ತಲಲ್ಲಿ ಕೈ ಹಾಕಿದರೂ ಬೇಕಾದ್ದು ಸಿಗಬೇಕು, ಹಾಗೆ. ಆದರೆ ಇಷ್ಟು ಜಾಣೆಯರಾದ ನಾವೇ ಮೊಬೈಲ್ ಫೋನನ್ನು ಮಾತ್ರ ಅಂಗಡಿಯವನು ಕೈಗಿಟ್ಟ ಹಾಗೇ ವರ್ಷಗಟ್ಟಲೆ ಬಳಸುತ್ತೇವೆ. ಅದರಲ್ಲಿ ಇಂಟರ್ನೆಟ್ಟಿನ ಪುಟಗಳನ್ನು ತೆರೆದು ತೋರಿಸುವ ಬ್ರೌಸರ್ ಇದೆಯಲ್ಲ, ಹೆಚ್ಚಿನ ಫೋನುಗಳಲ್ಲಿ ಬಣ್ಣಬಣ್ಣದ ಚಕ್ರದ ಹಾಗಿರುವ ಕ್ರೋಮ್, ಅದನ್ನು ಒಮ್ಮೆಯಾದರೂ ನಿಮಗೆ ಬೇಕಾದಂತೆ ಜೋಡಿಸಿಕೊಂಡಿದ್ದೀರಾ? ನಾನೂ ಜೋಡಿಸಿಕೊಂಡಿರಲಿಲ್ಲ. ಪಕ್ಕದ ಮನೆಯ ಅಕ್ಕನಿಗೆ ಆದದ್ದನ್ನು ನೋಡಿದ ಮೇಲೆ ಬುದ್ಧಿ ಬಂತು.

ಅಕ್ಕ ಗ್ಯಾಸ್ ಬುಕ್ ಮಾಡಬೇಕಿತ್ತು. ನಂಬರು ಬರೆದಿಟ್ಟ ಚೀಟಿ ಸಿಗಲಿಲ್ಲ. ಫೋನಿನಲ್ಲಿ ಹುಡುಕಿದರು, ಮೊದಲು ಕಂಡ ನಂಬರಿಗೆ ಫೋನು ಮಾಡಿದರು. ಆ ಕಡೆಯವನು "ಅಮ್ಮ, ಅಮ್ಮ" ಅಂತ ಬಹಳ ಮರ್ಯಾದೆಯಿಂದಲೇ ಮಾತಾಡಿದನಂತೆ. ಒಂದು ಆ್ಯಪ್ ಹಾಕಿಕೊಳ್ಳಿ ಅಂದ, ಹಾಕಿಕೊಂಡರು. ಹತ್ತು ರೂಪಾಯಿ ಕಳಿಸಿ ಅಂದ, ಕಳಿಸಿದರು. ಸಂಜೆಯೊಳಗೆ ಮಗಳ ಟ್ಯೂಷನ್ನಿಗೆ ಅಂತ ಕೂಡಿಟ್ಟಿದ್ದ ಎಂಟು ಸಾವಿರ ಖಾತೆಯಿಂದ ಹೋಗಿತ್ತು. ದುಡ್ಡು ಹೋದದ್ದಕ್ಕಿಂತ ನನಗೆ ಸಂಕಟವಾದದ್ದು ಆಮೇಲಿನ ಮಾತಿಗೆ. ಅವರ ಯಜಮಾನರು, "ಇನ್ನು ಮೇಲೆ ಈ ಫೋನು ಬರೀ ಮಾತಾಡೋದಕ್ಕೆ, ಇಂಟರ್ನೆಟ್ ಗಿಂಟರ್ನೆಟ್ ಮುಟ್ಟಬೇಡ" ಅಂದುಬಿಟ್ಟರು. ಅಕ್ಕನೂ, "ನಂಗ್ಯಾಕೆ ಬೇಕು ಬಿಡಮ್ಮ, ಓದಿದೋರ ಸಹವಾಸ" ಅಂತ ಸುಮ್ಮನಾದರು. ದಿನಸಿ ಅಂಗಡಿಯವನು ತೂಕದಲ್ಲಿ ಮೋಸ ಮಾಡಿದರೆ ನಾವು ಅಂಗಡಿಗೆ ಹೋಗುವುದನ್ನೇ ಬಿಡುತ್ತೇವೆಯೇ? ಬೇರೆ ಅಂಗಡಿ ಹಿಡಿಯುತ್ತೇವೆ, ತಕ್ಕಡಿಯ ಮುಳ್ಳು ನೋಡಲು ಕಲಿಯುತ್ತೇವೆ.

ಈ ತಕ್ಕಡಿಯ ಮುಳ್ಳು ಎಲ್ಲಿದೆ ಅನ್ನುವುದನ್ನೇ ಮೊದಲು ಹೇಳುತ್ತೇನೆ. ನಾವು ಏನಾದರೂ ಹುಡುಕಿದಾಗ ಮೇಲುಗಡೆ ಬರುವ ಒಂದೆರಡು ಉತ್ತರಗಳು ಎಷ್ಟೋ ಸಲ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತುಗಳು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಪ್ರಾಯೋಜಿತ' ಅಂತಲೋ 'ಸ್ಪಾನ್ಸರ್ಡ್' ಅಂತಲೋ ಇರುತ್ತದೆ. ಮೊದಲು ಕಂಡದ್ದೇ ಸರಿಯಾದದ್ದು ಅಂತ ಲೆಕ್ಕ ಹಾಕಬೇಡಿ. ನನ್ನನ್ನು ಕೇಳಿದರೆ, ದಿನಾ ಬೇಕಾಗುವ ಪುಟಗಳನ್ನು ಹುಡುಕಲೇಬಾರದು. ಮೊದಲ ಸಲ ಗ್ಯಾಸ್ ಪುಸ್ತಕದ ಮೇಲೋ, ಕರೆಂಟ್ ಬಿಲ್ಲಿನ ಮೇಲೋ, ಬ್ಯಾಂಕ್ ಪಾಸ್‌ಬುಕ್ಕಿನ ಮೇಲೋ ಅಚ್ಚಾದ ವಿಳಾಸವನ್ನೇ ನೋಡಿಕೊಂಡು ಅಕ್ಷರ ಅಕ್ಷರ ಟೈಪ್ ಮಾಡಿ ಪುಟ ತೆರೆಯಿರಿ. ಆಮೇಲೆ ಮೂಲೆಯಲ್ಲಿ ಒಂದರ ಕೆಳಗೊಂದು ಮೂರು ಚುಕ್ಕಿ ಕಾಣುತ್ತದಲ್ಲ, ಅದನ್ನು ಒತ್ತಿ. 'ಹೋಮ್ ಸ್ಕ್ರೀನ್‌ಗೆ ಸೇರಿಸಿ' ಎಂಬ ಸಾಲು ಸಿಗುತ್ತದೆ. ಅದನ್ನು ಒತ್ತಿದರೆ ಆ ಪುಟದ ಪುಟ್ಟ ಚಿತ್ರ ಫೋನಿನ ಮುಖದ ಮೇಲೇ ಬಂದು ಕೂರುತ್ತದೆ, ವಾಟ್ಸಾಪ್ ಕೂತ ಹಾಗೆ. ಆಮೇಲೆ ಹುಡುಕುವ ಪ್ರಮೇಯವೇ ಇಲ್ಲ. ದಾರಿ ಕೇಳುತ್ತಾ ಹೋಗುವವರಿಗೆ ತಾನೇ ದಾರಿ ತಪ್ಪಿಸುವವರು ಸಿಗುವುದು?

ನನ್ನ ಫೋನಿನ ಮೇಲೆ ಹೀಗೆ ಐದು ಚಿತ್ರಗಳಿವೆ. ಒಂದು ರೇಷ್ಮೆ ಇಲಾಖೆಯದು. ನಮ್ಮ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಎಷ್ಟು ದೊಡ್ಡದು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಆದರೆ ರಾಮನಗರದಲ್ಲಿ ಗೂಡು ಏನು ರೇಟಿಗೆ ಹೋಯಿತು ಅನ್ನುವುದೂ ಬೆಳೆದವನಿಗೆ ಗೊತ್ತಿರಬೇಕಲ್ಲ. ಹಳ್ಳಿಯಲ್ಲಿ ಹುಳ ಸಾಕುವ ನಮ್ಮ ಮೈದುನ ಗೂಡು ಬಿಡಿಸುವ ದಿನ ಬಂತೆಂದರೆ ಫೋನು ಮಾಡಿ, "ಅತ್ತಿಗೆ, ರೇಟು ಹೇಗಿದೆ ಸ್ವಲ್ಪ ನೋಡಿ" ಅನ್ನುತ್ತಾನೆ. ಎರಡನೆಯದು 'ಕೃಷಿ ಮಾರಾಟ ವಾಹಿನಿ'. ಎ.ಪಿ.ಎಂ.ಸಿ. ಮಾರುಕಟ್ಟೆಗಳ ದರ ಅದರಲ್ಲಿ ಬರುತ್ತದೆ. ಚಿಂತಾಮಣಿಯಲ್ಲಿ ಟೊಮೇಟೊ ಏನು ಬೆಲೆಗೆ ಹೋಯಿತು ಅಂತ ಗೊತ್ತಿದ್ದರೆ ತಳ್ಳುಗಾಡಿಯವನ ಹತ್ತಿರ ಚೌಕಾಸಿ ಮಾಡುವುದಕ್ಕೂ ಒಂದು ಧೈರ್ಯ! ಮೂರನೆಯದು ಪಹಣಿ ನೋಡುವ 'ಭೂಮಿ'. ಉಳಿದೆರಡು ಬ್ಯಾಂಕು ಮತ್ತು ಗ್ಯಾಸು.

ಈಗ ವಿಳಾಸ ಓದುವ ವಿಷಯ. ಇದೊಂದನ್ನು ದಯವಿಟ್ಟು ಎರಡು ಸಲ ಓದಿ. ಪುಟದ ಮೇಲಿನ ಪಟ್ಟಿಯಲ್ಲಿ ಕಾಣುವ ವಿಳಾಸವನ್ನು ನಾವು ಎಡದಿಂದ ಓದುತ್ತೇವೆ. ಮೋಸಗಾರರಿಗೂ ಅದು ಗೊತ್ತು. ಅದಕ್ಕೇ ಎಡಗಡೆಯಲ್ಲಿ 'ಕರ್ನಾಟಕ', 'ಸೇವಾ', 'ಗೃಹಲಕ್ಷ್ಮಿ' ಅಂತೆಲ್ಲ ಚಂದದ ಮಾತು ಸೇರಿಸಿರುತ್ತಾರೆ. ನಾವು ನೋಡಬೇಕಾದ್ದು ಬಾಲವನ್ನು. ತಾಣದ ಹೆಸರು ಮುಗಿದು ಓರೆಗೆರೆ ಬರುವ ಜಾಗ ಇದೆಯಲ್ಲ, ಅದರ ಎಡಕ್ಕೆ ಅಂಟಿಕೊಂಡಿರುವ ಮಾತು ಮುಖ್ಯ. ಭೂಮಿಯ ವಿಳಾಸ 'ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್'. ನಮ್ಮ ರಾಜ್ಯ ಸರ್ಕಾರದ ಇಲಾಖೆಗಳ ತಾಣಗಳು ಸಾಮಾನ್ಯವಾಗಿ ಹೀಗೆ 'ಗವ್ ಡಾಟ್ ಇನ್' ಎಂದೇ ಮುಗಿಯುತ್ತವೆ. ಸರ್ಕಾರದ ಯೋಜನೆ ಅಂತ ಹೇಳಿಕೊಂಡು ಬಾಲದಲ್ಲಿ 'ಡಾಟ್ ಕಾಮ್', 'ಡಾಟ್ ಆನ್‌ಲೈನ್' ಅಂತ ಇದ್ದರೆ ಆಧಾರ್ ನಂಬರು ಕೊಡುವ ಮುಂಚೆ ಒಂದು ಸಲ ಬಿಟ್ಟು ಹತ್ತು ಸಲ ಯೋಚಿಸಿ.

"ಬೀಗದ ಗುರುತು ಇದ್ದರೆ ಸಾಕು, ಭಯವಿಲ್ಲ" ಅಂತ ಮುಂಚೆ ಹೇಳುತ್ತಿದ್ದರು. ಆ ಮಾತು ಈಗ ಹಳೆಯದಾಯಿತು. ಆ ಬೀಗಕ್ಕೆ ಅರ್ಥ ಇಷ್ಟೇ: ನೀವು ಬರೆದದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು. ಬರೆದದ್ದು ತಲುಪುವುದು ಕಳ್ಳನ ಮನೆಗೋ ಒಳ್ಳೆಯವರ ಮನೆಗೋ ಅಂತ ಬೀಗ ಹೇಳುವುದಿಲ್ಲ. ಕಳ್ಳನೂ ಮನೆಗೆ ಬೀಗ ಹಾಕುತ್ತಾನಲ್ಲ! ಜನ ಇದನ್ನು ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮಿನವರು 2023ರಲ್ಲಿ ಆ ಬೀಗದ ಚಿತ್ರವನ್ನು ತೆಗೆದು ಬೇರೆ ಗುರುತು ಹಾಕಿದರು.

ಇನ್ನೊಂದು ಪೀಡೆ, ನಾವೇ ಕರೆದು ಮನೆಯೊಳಗೆ ಕೂರಿಸಿಕೊಂಡದ್ದು. ಯಾವುದೋ ಪುಟ ತೆರೆದ ಕೂಡಲೇ 'ಅನುಮತಿಸಿ' ಅಂತ ಒಂದು ಗುಂಡಿ ಬರುತ್ತದೆ. ಒತ್ತಿದರೆ ತಾನೇ ಮುಂದೆ ಹೋಗುವುದು ಅಂದುಕೊಂಡು ನಾವು ಒತ್ತುತ್ತೇವೆ. ಅಲ್ಲಿಂದ ಶುರು: 'ನಿಮ್ಮ ಫೋನಿಗೆ ವೈರಸ್ ಬಂದಿದೆ', 'ನಿಮಗೆ ಬಹುಮಾನ ಬಂದಿದೆ' ಅಂತ ರಾತ್ರಿ ಹಗಲು ಟಿಂಗ್ ಟಿಂಗ್. ನನ್ನ ಫೋನೂ ಹೀಗೇ ಆಗಿತ್ತು. ಫೋನೇ ಕೆಟ್ಟಿತು ಅಂತ ರಿಪೇರಿಯವನಿಗೆ ಕೊಡಲು ಹೊರಟಿದ್ದೆ. ವೈರಸ್ಸೂ ಇಲ್ಲ ಗಿರಸ್ಸೂ ಇಲ್ಲ, ನಾನೇ ಕೊಟ್ಟ ಅನುಮತಿ ಅದು. ಮೂರು ಚುಕ್ಕಿ, ಸೆಟ್ಟಿಂಗ್ಸ್, ಅದರಲ್ಲಿ ನೋಟಿಫಿಕೇಷನ್ಸ್ ಅಥವಾ ಸೈಟ್ ಸೆಟ್ಟಿಂಗ್ಸ್. ಫೋನಿನಿಂದ ಫೋನಿಗೆ ಹೆಸರು ಸ್ವಲ್ಪ ಆಚೀಚೆ ಇರುತ್ತದೆ. ಯಾರ್‍ಯಾರಿಗೆ ಅನುಮತಿ ಕೊಟ್ಟಿದ್ದೀರಿ ಅನ್ನುವ ಪಟ್ಟಿಯೇ ಅಲ್ಲಿ ಸಿಗುತ್ತದೆ. ಗುರುತಿಲ್ಲದ ಹೆಸರನ್ನೆಲ್ಲ ಒಂದೊಂದಾಗಿ ಒತ್ತಿ ನಿಲ್ಲಿಸಿಬಿಡಿ. ನನ್ನ ಪಟ್ಟಿಯಲ್ಲಿ ಹದಿನೇಳು ಇದ್ದವು! ಮುಂದೆ ಯಾರೂ ಕೇಳದ ಹಾಗೆ ಒಟ್ಟಿಗೇ ಬಾಗಿಲು ಹಾಕಿಬಿಡಲೂ ಅಲ್ಲೇ ಏರ್ಪಾಡಿದೆ.

ಭಾಷೆಯ ಮಾತಿಗೆ ಬರೋಣ. ಅದೇ ಸೆಟ್ಟಿಂಗ್ಸ್‌ನಲ್ಲಿ 'ಲ್ಯಾಂಗ್ವೇಜಸ್' ಅಂತಿದೆ. ಅಲ್ಲಿ ಕನ್ನಡ ಆರಿಸಿದರೆ ಬ್ರೌಸರ್ ಪೂರಾ ಕನ್ನಡಕ್ಕೆ ತಿರುಗುತ್ತದೆ. ಇಂಗ್ಲಿಷ್ ಪುಟವನ್ನು ಕನ್ನಡದಲ್ಲಿ ತೋರಿಸು ಅಂದರೆ ತೋರಿಸುತ್ತದೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗ ನಗು ಬರುವಂತಿತ್ತು, ಈಗ ಎಷ್ಟೋ ವಾಸಿ. ಆದರೂ ಔಷಧಿಯ ಪ್ರಮಾಣ, ಬ್ಯಾಂಕಿನ ಷರತ್ತು ಇಂಥದ್ದಕ್ಕೆ ಯಂತ್ರದ ಕನ್ನಡವನ್ನು ನಾನು ನಂಬುವುದಿಲ್ಲ. ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಕಡೆ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಅಂಥವರು ಅದೇ ಪಟ್ಟಿಗೆ ತೆಲುಗನ್ನೂ ಸೇರಿಸಿಕೊಳ್ಳಬಹುದು. ಮೈಕಿನ ಗುರುತು ಒತ್ತಿ ಮಾತಲ್ಲೇ ಹುಡುಕುವಾಗ ಮಾತ್ರ ಎರಡನ್ನೂ ಕಲಸಬೇಡಿ. ನಮ್ಮತ್ತೆಯವರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹುರುಳಿಕಾಳಿನ ಬಸ್ಸಾರು ಕೇಳಿದರೆ, ಅದು ಬಸ್ಸಿನ ಟೈಮು ತೋರಿಸಿತು!

ಬ್ರೌಸರನ್ನು ನಮ್ಮ ಜನರಿಗೆ ಒಗ್ಗಿಸಬೇಕೆಂಬ ಯೋಚನೆ ನಮ್ಮ ಪಕ್ಕದ ಬೆಂಗಳೂರಿನಲ್ಲೇ ಹಿಂದೊಮ್ಮೆ ಹುಟ್ಟಿತ್ತು. 2010ರಲ್ಲಿ ಹಿಡನ್ ರಿಫ್ಲೆಕ್ಸ್ ಎಂಬ ಕಂಪನಿ 'ಎಪಿಕ್' ಅಂತ ಒಂದು ಬ್ರೌಸರ್ ಹೊರತಂದಿತು. ಫೈರ್‌ಫಾಕ್ಸಿನ ಬುನಾದಿಯ ಮೇಲೆ ಕಟ್ಟಿದ್ದು. ಭಾರತದ ಭಾಷೆಗಳಲ್ಲಿ ಟೈಪ್ ಮಾಡುವ ಸೌಕರ್ಯ, ನಮ್ಮ ದೇಶದ ಚಿತ್ರಗಳ ಅಲಂಕಾರ ಎಲ್ಲ ಅದರಲ್ಲಿತ್ತು. 2013ರಿಂದ ಆ ಅಲಂಕಾರವನ್ನೆಲ್ಲ ಬಿಟ್ಟು, ಬಳಸುವವರ ಗುಟ್ಟು ಕಾಯುವುದೇ ಮುಖ್ಯ ಅಂತ ಬೇರೆ ರೂಪ ತಾಳಿತು. ಜಾಹೀರಾತುಗಳ ಕಾಟ ತಡೆಯಲಾಗದವರು ಫೈರ್‌ಫಾಕ್ಸನ್ನೂ ಒಮ್ಮೆ ಹಾಕಿ ನೋಡಬಹುದು. ಜಾಹೀರಾತು ತಡೆಯುವ 'ಯೂಬ್ಲಾಕ್ ಒರಿಜಿನ್' ಎಂಬ ಪುಟ್ಟ ಸಲಕರಣೆಯನ್ನು ಆಂಡ್ರಾಯ್ಡ್ ಫೋನಿನಲ್ಲೂ ಅದಕ್ಕೆ ಸೇರಿಸಿಕೊಳ್ಳಲು ಬರುತ್ತದೆ, ಕಾಸು ಕೊಡಬೇಕಾಗಿಲ್ಲ.

ನಲವತ್ತು ದಾಟಿದವರಿಗೆ ಇನ್ನೊಂದು ಮಾತು. ಅಕ್ಷರ ಕಾಣಿಸದೆ ಫೋನನ್ನು ಮೊಳದುದ್ದ ದೂರ ಹಿಡಿದು ಓದುತ್ತಿದ್ದೀರಾ? ಸೆಟ್ಟಿಂಗ್ಸ್‌ನಲ್ಲಿ 'ಆಕ್ಸೆಸಿಬಿಲಿಟಿ' ಎಂಬ ವಿಭಾಗದಲ್ಲಿ ಅಕ್ಷರ ದಪ್ಪ ಮಾಡಿಕೊಳ್ಳಬಹುದು. ಕನ್ನಡಕದ ಅಂಗಡಿಗೆ ಹೋಗುವುದು ತಪ್ಪುವುದಿಲ್ಲ ಬಿಡಿ, ಆದರೆ ಕಣ್ಣಿನ ಆಯಾಸ ಕಡಿಮೆಯಾಗುತ್ತದೆ.

ಅಡುಗೆ ಪುಟಗಳದ್ದು ಬೇರೆ ಕಥೆ. ಹಿತಕವರೆ ಬೇಳೆ ಸಾರಿಗೆ ಎಷ್ಟು ಕಾಯಿ ಅಂತ ನೋಡಲು ಹೋದರೆ, ಬರೆದಾಕೆಯ ಬಾಲ್ಯ, ಅಜ್ಜಿ, ಅಜ್ಜಿಯ ತೋಟ ಎಲ್ಲ ದಾಟಬೇಕು! ಮೂರು ಚುಕ್ಕಿ ಒತ್ತಿ 'ಪುಟದಲ್ಲಿ ಹುಡುಕಿ' ಅನ್ನುವಲ್ಲಿ 'ಕಾಯಿ' ಅಂತ ಬರೆಯಿರಿ, ನೇರ ಅಲ್ಲಿಗೇ ಕರೆದೊಯ್ಯುತ್ತದೆ. ಒಳಮನೆಯಲ್ಲಿ ಸಿಗ್ನಲ್ ಸಿಗದವರು ಅದೇ ಪಟ್ಟಿಯ ಮೇಲ್ಭಾಗದ ಕೆಳಮುಖ ಬಾಣ ಒತ್ತಿದರೆ ಪುಟವೇ ಫೋನಿನೊಳಗೆ ಉಳಿಯುತ್ತದೆ. ಆಮೇಲೆ ನೆಟ್ ಇಲ್ಲದೆಯೂ ಓದಬಹುದು. ನೋಡಿ ಮುಗಿದ ಪುಟಗಳನ್ನು ಮುಚ್ಚುವ ಅಭ್ಯಾಸವೂ ಇರಲಿ. ಕ್ರೋಮ್ ಎಷ್ಟು ಪುಟ ತೆರೆದಿವೆ ಅಂತ ಒಂದು ಸಣ್ಣ ಚೌಕದಲ್ಲಿ ಲೆಕ್ಕ ಹೇಳುತ್ತದೆ. ತೊಂಬತ್ತೊಂಬತ್ತು ದಾಟಿದರೆ ಲೆಕ್ಕ ಬಿಟ್ಟು ನಗುಮುಖ ತೋರಿಸುತ್ತದೆ. ನನ್ನ ಫೋನಿನಲ್ಲಿ ಅದು ಎಷ್ಟು ತಿಂಗಳಿಂದ ನಗುತ್ತಿತ್ತೋ!

ಮನೆಗೆಲ್ಲ ಒಂದೇ ಫೋನು ಇರುವ ಕಡೆ ಇನ್ನೊಂದು ತೊಡಕು. ಮುಟ್ಟಿನ ತೊಂದರೆ, ಮುಟ್ಟು ನಿಲ್ಲುವ ಕಾಲದ ಸಂಕಟ, ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಎಷ್ಟೋ ವಿಷಯ ನಮಗಿರುತ್ತವೆ. ಹುಡುಕಿದರೆ ಮಗನ ಕಣ್ಣಿಗೆ ಬಿದ್ದೀತೆಂಬ ಸಂಕೋಚಕ್ಕೆ ಸುಮ್ಮನಿದ್ದುಬಿಡುತ್ತೇವೆ. ಮೂರು ಚುಕ್ಕಿಯೊಳಗೆ 'ಇನ್‌ಕಾಗ್ನಿಟೊ' ಅಂತ ಒಂದು ಕಿಟಕಿ ಇದೆ. ಅದರಲ್ಲಿ ಓದಿ ಮುಚ್ಚಿಬಿಟ್ಟರೆ ಫೋನಿನ ಚರಿತ್ರೆಯಲ್ಲಿ ಅದರ ಗುರುತು ಉಳಿಯುವುದಿಲ್ಲ. ಹಾಗಂತ ನೀವು ಯಾರೆಂದು ಹೊರಗಿನ ತಾಣದವರಿಗೆ ತಿಳಿಯುವುದೇ ಇಲ್ಲ ಅಂತ ತಿಳಿಯಬೇಡಿ, ಮರೆ ಮನೆಯೊಳಗೆ ಮಾತ್ರ. ಓದಿದ್ದು ಡಾಕ್ಟರಮ್ಮನಿಗೆ ಬದಲಿಯೂ ಅಲ್ಲ. ಅವರ ಮುಂದೆ ಏನು ಕೇಳಬೇಕು ಅಂತ ತಿಳಿದುಕೊಳ್ಳಲು ಸಾಕು. ಇಂಥ ಹಂಚಿಕೊಂಡ ಫೋನಿನಲ್ಲಿ ಬ್ಯಾಂಕಿನ ಪಾಸ್‌ವರ್ಡನ್ನು 'ನೆನಪಿಟ್ಟುಕೊಳ್ಳಲೇ?' ಅಂತ ಬ್ರೌಸರ್ ಕೇಳಿದರೆ ಖಂಡಿತ ಬೇಡ ಅನ್ನಿ. ವಿಳಾಸ ನೆನಪಿಟ್ಟುಕೊಳ್ಳಲಿ, ಅಡ್ಡಿಯಿಲ್ಲ. ಆದರೆ ಒಮ್ಮೆ ಸರಿಯಾಗಿದೆಯೇ ನೋಡಿ. ನಮ್ಮ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ನಮ್ಮ ಯಜಮಾನರು ಬರೆದಿಟ್ಟ ವಿಳಾಸದಲ್ಲಿ ಇನ್ನೂ 'ಕೋಲಾರ ಜಿಲ್ಲೆ' ಅಂತಲೇ ಇತ್ತು. ಅರ್ಜಿ ತುಂಬುವಾಗಲೆಲ್ಲ ಬ್ರೌಸರ್ ಪಾಪ ನಿಷ್ಠೆಯಿಂದ ಅದನ್ನೇ ತುಂಬುತ್ತಿತ್ತು.

ಇಷ್ಟೆಲ್ಲ ಮಾಡಿಯೂ ಕೈ ತಪ್ಪಿ ದುಡ್ಡು ಹೋದರೆ ನಾಚಿಕೊಂಡು ಕೂರಬೇಡಿ. 1930 ಎಂಬ ನಂಬರಿಗೆ ಕೂಡಲೇ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ದುಡ್ಡು ಮುಂದಕ್ಕೆ ಸಾಗದಂತೆ ತಡೆಯುವ ಅವಕಾಶ ಹೆಚ್ಚು. ಅಕ್ಕ ಯಜಮಾನರಿಗೆ ಹೆದರಿ ಎರಡು ದಿನ ಬಾಯಿ ಬಿಡಲಿಲ್ಲ. ಅವರ ದುಡ್ಡು ಇನ್ನೂ ಬಂದಿಲ್ಲ.

ಹೋದ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಜಗಲಿಯ ಮೇಲೆ ಕೂತು ಅವರ ಫೋನನ್ನು ಜೋಡಿಸಿದೆವು. ಆ ಆ್ಯಪನ್ನು ದುಡ್ಡು ಹೋದದ್ದು ತಿಳಿದ ದಿನವೇ ಅವರ ಮಗಳು ತೆಗೆದುಹಾಕಿದ್ದಳು. ಗ್ಯಾಸ್ ಪುಸ್ತಕ ಎದುರಿಗಿಟ್ಟುಕೊಂಡು, ಕನ್ನಡಕ ಏರಿಸಿ, ಅಕ್ಕ ತಾವೇ ವಿಳಾಸ ಟೈಪ್ ಮಾಡಿದರು. ಎರಡು ಸಲ ತಪ್ಪಿತು, ಮೂರನೆಯ ಸಲ ಬಂತು. ಚಿತ್ರ ಫೋನಿನ ಮೇಲೆ ಕೂತದ್ದನ್ನು ನೋಡಿ, "ಇದು ಹೀಗೇ ಇರುತ್ತಾ? ಅವರೇನಾದ್ರೂ ಅಳಿಸಿದ್ರೆ?" ಅಂದರು. "ಅಳಿಸಿದ್ರೆ ಮತ್ತೆ ಹಾಕ್ಕೊಳ್ಳೋಣ ಅಕ್ಕ" ಅಂದೆ. ಗ್ಯಾಸ್ ಪುಸ್ತಕವನ್ನು ಈಗ ಅವರು ಸಾರಿನ ಪುಡಿ ಡಬ್ಬಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ.