ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು

ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆ ಮುಗಿಯುತ್ತಿದ್ದಂತೆ ಅನೇಕ ಮನೆಗಳಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ. ‘ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ತೊಂಬತ್ತರ ಮೇಲೆ ಬಂದಿತ್ತು. ಈಗ ಬಯಾಲಜಿಯಲ್ಲಿ ಪಾಸಾದರೆ ಸಾಕು ಅನ್ನುವ ಹಾಗಾಗಿದೆ. ರಾತ್ರಿ ಹನ್ನೆರಡರವರೆಗೆ ಓದುತ್ತಾಳೆ, ಬೆಳಿಗ್ಗೆ ಕೇಳಿದರೆ ಒಂದೂ ನೆನಪಿರುವುದಿಲ್ಲ’ ಎಂದು ತಾಯಿತಂದೆಯರು ಕೊರಗುತ್ತಾರೆ. ‘ನನ್ನ ತಲೆಗೆ ಇದು ಹತ್ತುವುದಿಲ್ಲ’ ಎಂದು ಮಗಳು ತೀರ್ಮಾನಿಸಿಬಿಡುತ್ತಾಳೆ. ನರ್ಸಿಂಗ್, ಕೃಷಿ ವಿಜ್ಞಾನ, ವೈದ್ಯಕೀಯ ಎಂದು ಕಂಡಿದ್ದ ಕನಸುಗಳೆಲ್ಲ ಆ ಒಂದು ತೀರ್ಮಾನದಲ್ಲಿ ಕರಗಿಹೋಗುತ್ತವೆ.

ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಾ ಬಂದಿರುವ ನಾನು, ಕಾಲೇಜು ಸೇರಿದ ಹಳೆಯ ವಿದ್ಯಾರ್ಥಿಗಳಿಂದ ಈ ಮಾತನ್ನು ವರ್ಷವರ್ಷವೂ ಕೇಳುತ್ತಿದ್ದೇನೆ. ಬಹುಪಾಲು ಮಕ್ಕಳ ವಿಷಯದಲ್ಲಿ ದೋಷ ತಲೆಯದಲ್ಲ, ಓದುವ ಕ್ರಮದ್ದು ಎಂಬುದು ನನ್ನ ಅನುಭವ. ಕ್ರಮವನ್ನು ಬದಲಿಸಬಹುದು, ಅದಕ್ಕೆ ಹಣ ಬೇಕಿಲ್ಲ, ಟ್ಯೂಷನ್ನೂ ಬೇಕಿಲ್ಲ.

ಹೊರೆ ಎಲ್ಲಿಂದ ಬಂತು?

2023ರಲ್ಲಿ ಪರಿಷ್ಕೃತವಾದ ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳಲ್ಲಿ ಹನ್ನೊಂದನೆಯ ತರಗತಿಯ ಜೀವಶಾಸ್ತ್ರಕ್ಕೆ 19 ಅಧ್ಯಾಯಗಳು, ಹನ್ನೆರಡನೆಯದಕ್ಕೆ 13. ಪುಟ ತಿರುವಿದರೆ ಸಾಕು, ಹೊಸ ಹೆಸರುಗಳ ಸುರಿಮಳೆ. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ ಅರ್ಧದಷ್ಟು, ಅಂದರೆ 360 ಅಂಕ ಜೀವಶಾಸ್ತ್ರದ್ದೇ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಅರೆಬರೆ ನೆನಪು ಅಲ್ಲಿ ಲಾಭಕ್ಕಿಂತ ನಷ್ಟವನ್ನೇ ತರಬಹುದು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಹೊರೆ ಇಮ್ಮಡಿ. ಹತ್ತನೆಯ ತರಗತಿಯವರೆಗೆ ‘ದ್ಯುತಿಸಂಶ್ಲೇಷಣೆ’ ಎಂದು ಕಲಿತ ಹುಡುಗ ಕಾಲೇಜಿನಲ್ಲಿ ‘ಫೋಟೋಸಿಂಥೆಸಿಸ್’ ಎಂದು ಕೇಳಿ ಬೆಚ್ಚುತ್ತಾನೆ. ವಿಷಯ ಅವನಿಗೆ ಗೊತ್ತು, ಹೆಸರು ಮಾತ್ರ ಹೊಸತು. ಆದರೆ ಹೆಸರಿನ ಭಯದಲ್ಲಿ, ಗೊತ್ತಿರುವ ವಿಷಯವೂ ಗೊತ್ತಿಲ್ಲವೆಂದೇ ಭಾವಿಸುತ್ತಾನೆ. ಆಗ ಹಿಡಿಯುವುದು ಉರು ಹೊಡೆಯುವ ದಾರಿ: ಒಂದೇ ಪುಟವನ್ನು ಹತ್ತು ಬಾರಿ ಓದುವುದು, ಬಣ್ಣದ ಪೆನ್ನಿನಿಂದ ಸಾಲುಗಳ ಮೇಲೆ ಗೀಟೆಳೆಯುವುದು.

ಪರಿಚಯ ಬೇರೆ, ನೆನಪು ಬೇರೆ

ಬಸ್ ಸ್ಟ್ಯಾಂಡಿನಲ್ಲಿ ದಿನವೂ ಕಾಣುವ ಒಬ್ಬರ ಮುಖ ನಮಗೆ ಚೆನ್ನಾಗಿ ಪರಿಚಿತ. ಆದರೆ ಮನೆಗೆ ಬಂದು ‘ಅವರ ಕನ್ನಡಕ ದುಂಡಗಿತ್ತೋ ಚೌಕವೋ?’ ಎಂದು ಕೇಳಿದರೆ ತಡಬಡಾಯಿಸುತ್ತೇವೆ. ಪುಟವನ್ನು ಹತ್ತು ಸಲ ಓದಿದಾಗ ಆಗುವುದೂ ಇದೇ. ಹತ್ತನೆಯ ಸಲ ಎಲ್ಲವೂ ಸಲೀಸಾಗಿ ಸಾಗುತ್ತದೆ, ‘ಬಂತು’ ಎನಿಸುತ್ತದೆ. ಬಂದದ್ದು ಪರಿಚಯ ಮಾತ್ರ. ಪರೀಕ್ಷೆಯಲ್ಲಿ ಪುಟ ಎದುರಿಗಿರುವುದಿಲ್ಲ. ಅಲ್ಲಿ ಬೇಕಾದದ್ದು ಬರಿಗೈಯಲ್ಲಿ ತಲೆಯಿಂದ ಹೊರತೆಗೆಯುವ ಶಕ್ತಿ. ಆ ಶಕ್ತಿ ಬರುವುದು ಹೊರತೆಗೆದು ಅಭ್ಯಾಸ ಮಾಡಿದರೆ ಮಾತ್ರ.

ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸ್ಪಷ್ಟಪಡಿಸುತ್ತದೆ. ಕಾಲೇಜು ವಿದ್ಯಾರ್ಥಿಗಳು ಚಿಕ್ಕ ಗದ್ಯಭಾಗವೊಂದನ್ನು ಓದಿದರು. ಆ ಮೇಲೆ ಕೆಲವರು ಅದನ್ನೇ ಮತ್ತೆ ಓದಿದರು. ಉಳಿದವರು ಅದನ್ನು ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರಿಗೆ ನೆನಪಿದ್ದದ್ದು ಶೇಕಡ 42. ಬರೆದು ನೋಡಿದವರಿಗೆ ಶೇಕಡ 56. ರಾತ್ರಿ ಓದಿ ಬೆಳಿಗ್ಗೆ ಬರೆಯುವ ಕಿರುಪರೀಕ್ಷೆಗೆ ಮೊದಲ ಕ್ರಮ ಹೇಗೋ ಸಾಲಬಹುದು. ವರ್ಷದ ಕೊನೆಯ ಪರೀಕ್ಷೆಗೆ ಸಾಲದು.

ಆದ್ದರಿಂದ ಮೊದಲ ಸೂತ್ರ ಇಷ್ಟೇ: ಒಮ್ಮೆ ಗಮನವಿಟ್ಟು ಓದಿ, ಪುಸ್ತಕ ಮುಚ್ಚಿ, ಬಿಳಿಹಾಳೆಯ ಮೇಲೆ ನೆನಪಿದ್ದಷ್ಟನ್ನು ಬರೆಯಿರಿ. ಆಮೇಲೆ ಪುಸ್ತಕ ತೆರೆದು, ಬಿಟ್ಟದ್ದನ್ನೂ ತಪ್ಪಿದ್ದನ್ನೂ ಕೆಂಪು ಶಾಯಿಯಲ್ಲಿ ತುಂಬಿಸಿ. ಮೊದಲ ದಿನ ಹಾಳೆಯೆಲ್ಲ ಕೆಂಪಾಗುತ್ತದೆ, ಹೆದರಬೇಡಿ. ಮುಂದಿನ ಸಲ ಓದಬೇಕಾದದ್ದು ಇಡೀ ಅಧ್ಯಾಯವಲ್ಲ, ಆ ಕೆಂಪು ಭಾಗ ಮಾತ್ರ.

ಮರೆವಿನ ಲೆಕ್ಕ

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ವಿದ್ವಾಂಸ ಅರ್ಥವಿಲ್ಲದ ಸಾವಿರಾರು ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಅವನ ಅಳತೆಯಲ್ಲಿ ಕಲಿತದ್ದರ ಅರ್ಧಕ್ಕಿಂತ ಹೆಚ್ಚು ಪಾಲು ಒಂದು ಗಂಟೆಯೊಳಗೇ ಜಾರಿಹೋಗಿತ್ತು; ಆಮೇಲೆ ಮರೆವಿನ ವೇಗ ತಗ್ಗುತ್ತಾ ಹೋಯಿತು. ಒಂದೇ ದಿನ ಕೂತು ಹತ್ತಾರು ಬಾರಿ ಹೇಳಿಕೊಳ್ಳುವುದಕ್ಕಿಂತ, ಕೆಲವು ದಿನಗಳಿಗೆ ಹಂಚಿಕೊಂಡರೆ ಕಡಿಮೆ ಶ್ರಮ ಸಾಕು ಎಂಬುದನ್ನೂ ಅವನು ಕಂಡುಕೊಂಡ.

ರೈತರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾರದ ನೀರನ್ನೆಲ್ಲ ಒಂದೇ ದಿನ ಹಾಯಿಸಿದರೆ ಮಡಿ ಕೊಚ್ಚಿಹೋಗುತ್ತದೆ, ಬೆಳೆ ಬರುವುದಿಲ್ಲ. ಇಂದು ತರಗತಿಯಲ್ಲಿ ಕೇಳಿದ ಪಾಠವನ್ನು ಇಂದೇ ಸಂಜೆ ಒಮ್ಮೆ, ನಾಳೆ ಒಮ್ಮೆ, ವಾರ ಕಳೆದು ಒಮ್ಮೆ, ತಿಂಗಳಾದ ಮೇಲೆ ಒಮ್ಮೆ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಿ. ಪ್ರತಿ ಸಲಕ್ಕೂ ಹತ್ತು ಹದಿನೈದು ನಿಮಿಷ ಸಾಕು. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನಾಂಕದ ಮೇಲೆ ಅಧ್ಯಾಯದ ಸಂಖ್ಯೆ ಬರೆದಿಟ್ಟರೆ ಆಯಿತು, ಬೇರೆ ವೇಳಾಪಟ್ಟಿ ಬೇಡ.

ಮೊದಲು ಹಂದರ, ಆಮೇಲೆ ಬಳ್ಳಿ

ಅರ್ಥವಿಲ್ಲದ ಅಕ್ಷರಗಳಿಗಿಂತ ಅರ್ಥವಿರುವ ಮಾತು ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ಹೆಸರುಗಳನ್ನು ಬಾಯಿಪಾಠ ಮಾಡುವ ಮೊದಲು ಅವು ಹಬ್ಬಲು ಒಂದು ಹಂದರ ಬೇಕು.

ಜೀವಿಗಳ ವರ್ಗೀಕರಣವನ್ನೇ ನೋಡಿ. ಕಿಂಗ್‌ಡಮ್, ಫೈಲಮ್, ಕ್ಲಾಸ್, ಆರ್ಡರ್, ಫ್ಯಾಮಿಲಿ, ಜೀನಸ್, ಸ್ಪೀಷೀಸ್ ಎಂಬ ಏಳು ಮೆಟ್ಟಿಲುಗಳು. ಇದನ್ನು ಮನೆಯ ವಿಳಾಸದಂತೆ ನೋಡಿ: ದೇಶ, ರಾಜ್ಯ, ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಮನೆ. ಇವೂ ಏಳೇ. ದೊಡ್ಡದರಿಂದ ಚಿಕ್ಕದಕ್ಕೆ ಇಳಿದಂತೆ ಒಳಗಿರುವವರ ಸಂಖ್ಯೆ ಕಡಿಮೆಯಾಗುತ್ತದೆ, ಹೋಲಿಕೆ ಹೆಚ್ಚುತ್ತದೆ. ಮಾವು ಮತ್ತು ಗೇರು ಎರಡೂ ಅನಾಕಾರ್ಡಿಯೇಸಿ ಎಂಬ ಒಂದೇ ‘ಹೋಬಳಿ’ಗೆ ಸೇರಿದವು. ಎರಡರ ಸೊನೆಯೂ ಚರ್ಮವನ್ನು ಸುಡುತ್ತದೆ ಎಂಬುದು ಕರಾವಳಿಯ ಮಕ್ಕಳಿಗೆ ಪುಸ್ತಕವಿಲ್ಲದೆಯೂ ಗೊತ್ತು. ಹಾಗೆ ಗೊತ್ತಿದ್ದುದಕ್ಕೆ ಹೊಸ ಹೆಸರನ್ನು ಗಂಟು ಹಾಕಿದರೆ ಅದು ಬಿಚ್ಚಿಹೋಗುವುದಿಲ್ಲ.

ಮಕ್ಕಳನ್ನು ಬಹಳ ಕಾಡುವ ಇನ್ನೊಂದು ಭಾಗ ಕ್ರೆಬ್ಸ್ ಚಕ್ರ. 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ವಿವರಿಸಿದ ಈ ಚಕ್ರದ ಆಮ್ಲಗಳ ಹೆಸರುಗಳನ್ನು ಸರಮಾಲೆಯಂತೆ ಒಪ್ಪಿಸುವುದು ಕಷ್ಟ. ಮೊದಲು ಕಾರ್ಬನ್ನಿನ ಜಮಾ-ಖರ್ಚು ಹಾಕಿ. 2 ಕಾರ್ಬನ್ನಿನ ಅಸಿಟೈಲ್ ಗುಂಪು 4 ಕಾರ್ಬನ್ನಿನ ಆಕ್ಸಲೋಅಸಿಟಿಕ್ ಆಮ್ಲವನ್ನು ಕೂಡಿಕೊಳ್ಳುತ್ತದೆ. 6 ಕಾರ್ಬನ್ನಿನ ಸಿಟ್ರಿಕ್ ಆಮ್ಲವಾಗುತ್ತದೆ. ಒಂದು ಕಾರ್ಬನ್ ಡೈ ಆಕ್ಸೈಡ್ ಹೊರಹೋದರೆ 5 ಉಳಿಯಿತು. ಇನ್ನೊಂದು ಹೋದರೆ 4. ಆ ನಾಲ್ಕು ರೂಪ ಬದಲಿಸುತ್ತಾ ಮತ್ತೆ ಆಕ್ಸಲೋಅಸಿಟಿಕ್ ಆಮ್ಲವಾಗಿ ಚಕ್ರ ಪೂರ್ಣವಾಗುತ್ತದೆ. ಒಂದು ಸುತ್ತಿನ ಗಳಿಕೆ ಮೂರು ಎನ್‌ಎಡಿಎಚ್, ಒಂದು ಎಫ್‌ಎಡಿಎಚ್2, ಒಂದು ಜಿಟಿಪಿ. ಈ ಲೆಕ್ಕ ಕೈಗೆ ಹತ್ತಿದ ಮೇಲೆ ಹೆಸರುಗಳನ್ನು ಒಂದೊಂದಾಗಿ ಅದರ ಜಾಗಕ್ಕೆ ಕೂರಿಸಿ. ಮಧ್ಯದ ಒಂದು ಹೆಸರು ಮರೆತರೂ ಚಕ್ರ ಕೈಬಿಡುವುದಿಲ್ಲ.

ಹೆಸರಿನೊಳಗೇ ಅರ್ಥ

ಜೀವಶಾಸ್ತ್ರದ ಉದ್ದುದ್ದ ಹೆಸರುಗಳು ಹೆಚ್ಚಾಗಿ ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳನ್ನು ಜೋಡಿಸಿ ಮಾಡಿದವು. ನಮ್ಮ ಸಂಸ್ಕೃತ ಸಮಾಸಗಳಂತೆ ಬಿಡಿಸಿದರೆ ಅರ್ಥ ತಾನಾಗಿ ಹೊರಬರುತ್ತದೆ. ‘ಎರಿತ್ರೊ’ ಎಂದರೆ ಕೆಂಪು, ‘ಲ್ಯೂಕೊ’ ಎಂದರೆ ಬಿಳಿ, ‘ಸೈಟ್’ ಎಂದರೆ ಕೋಶ. ಎರಿತ್ರೊಸೈಟ್ ಕೆಂಪು ರಕ್ತಕಣ, ಲ್ಯೂಕೊಸೈಟ್ ಬಿಳಿ ರಕ್ತಕಣ. ‘ಆಸ್ಟಿಯೊ’ ಮೂಳೆಗೆ ಸಂಬಂಧಿಸಿದ್ದು. ‘ಬ್ಲಾಸ್ಟ್’ ಬಂದರೆ ಕಟ್ಟುವ ಕೋಶ, ‘ಕ್ಲಾಸ್ಟ್’ ಬಂದರೆ ಒಡೆಯುವ ಕೋಶ. ‘ಹೆಪಟೊ’ ಯಕೃತ್ತು, ‘ಐಟಿಸ್’ ಉರಿಯೂತ. ಹೆಪಟೈಟಿಸ್ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಥ ಐವತ್ತು ತುಂಡುಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಕನ್ನಡ ಅರ್ಥದೊಡನೆ ಬರೆದಿಟ್ಟುಕೊಂಡರೆ ಹೊಸ ಪದಗಳಲ್ಲಿ ಅನೇಕವು ಅರ್ಧ ಪರಿಚಿತವಾಗಿಯೇ ಎದುರಾಗುತ್ತವೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಇಲ್ಲೊಂದು ಅನುಕೂಲವೂ ಇದೆ. ‘ದ್ಯುತಿ’ ಎಂದರೆ ಬೆಳಕು, ‘ಸಂಶ್ಲೇಷಣೆ’ ಎಂದರೆ ಕೂಡಿಸಿ ಕಟ್ಟುವುದು. ‘ಫೋಟೋ’ ಮತ್ತು ‘ಸಿಂಥೆಸಿಸ್’ಗಳ ಅರ್ಥವೂ ಅದೇ. ಹತ್ತು ವರ್ಷ ಕಲಿತ ಕನ್ನಡ ವ್ಯರ್ಥವಲ್ಲ, ಅದೇ ಏಣಿ. ವಿಷಯವನ್ನು ಕನ್ನಡದಲ್ಲಿ ವಿವರಿಸಿಕೊಳ್ಳಿ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಿರಿ.

ಲಗ್ನಪತ್ರಿಕೆಯ ಚೀಟಿಗಳು

ಬಿಡಿ ಸಂಗತಿಗಳನ್ನು, ಅಂದರೆ ಹಾರ್ಮೋನುಗಳ ಹೆಸರು, ರೋಗ ಮತ್ತು ರೋಗಾಣು, ಸಸ್ಯ ಮತ್ತು ಕುಟುಂಬ ಇಂಥವನ್ನು, ನೆನಪಿಡಲು ಚೀಟಿಗಳಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. ಮನೆಗೆ ಬರುವ ಲಗ್ನಪತ್ರಿಕೆಗಳ ಖಾಲಿ ಭಾಗವನ್ನು ಅಂಗೈಯಗಲಕ್ಕೆ ಕತ್ತರಿಸಿ. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ಒಂದು ಚೀಟಿಗೆ ಒಂದೇ ಸಂಗತಿ.

ಮೂರು ಖಾಲಿ ಡಬ್ಬಿ ಇಟ್ಟುಕೊಳ್ಳಿ. ಹೊಸ ಚೀಟಿಗಳೆಲ್ಲ ಮೊದಲ ಡಬ್ಬಿಗೆ. ಅದನ್ನು ದಿನವೂ ನೋಡಬೇಕು. ಸರಿಯುತ್ತರ ಬಂದ ಚೀಟಿ ಎರಡನೆಯದಕ್ಕೆ. ಅದನ್ನು ಮೂರು ದಿನಕ್ಕೊಮ್ಮೆ. ಅಲ್ಲೂ ಗೆದ್ದದ್ದು ಮೂರನೆಯದಕ್ಕೆ, ಅದನ್ನು ವಾರಕ್ಕೊಮ್ಮೆ. ಯಾವ ಡಬ್ಬಿಯಲ್ಲಿ ತಪ್ಪಿದರೂ ಆ ಚೀಟಿ ಮತ್ತೆ ಮೊದಲ ಡಬ್ಬಿಗೆ. ಜರ್ಮನ್ ಲೇಖಕ ಸೆಬಾಸ್ಟಿಯನ್ ಲೈಟ್ನರ್ 1972ರ ತಮ್ಮ ಪುಸ್ತಕದಲ್ಲಿ ಜನಪ್ರಿಯಗೊಳಿಸಿದ ಉಪಾಯದ ಸರಳ ರೂಪ ಇದು. ಗೊತ್ತಿರುವುದನ್ನೇ ಮತ್ತೆ ಮತ್ತೆ ಓದಿ ಸಂತೋಷಪಡುವ ನಮ್ಮ ಚಾಳಿಯನ್ನು ಈ ಡಬ್ಬಿಗಳು ತಪ್ಪಿಸುತ್ತವೆ.

ಒಂದನ್ನೊಂದು ಹೋಲುವ ಸಂಗತಿಗಳನ್ನು ಬೇರೆ ಬೇರೆ ದಿನ ಓದಬೇಡಿ, ಅಕ್ಕಪಕ್ಕ ಕೂರಿಸಿ. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಅಪಧಮನಿ, ಇನ್ನೊಂದು ಕಡೆ ಅಭಿಧಮನಿ. ಹಾಗೆಯೇ ಕ್ಸೈಲಮ್–ಫ್ಲೋಯಮ್, ಮೈಟೋಸಿಸ್–ಮಿಯೋಸಿಸ್. ಅಪವಾದಗಳನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಅಪಧಮನಿಗಳಲ್ಲಿ ಸಾಮಾನ್ಯವಾಗಿ ಆಮ್ಲಜನಕ ತುಂಬಿದ ರಕ್ತ ಹರಿದರೂ, ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಹಾಗಲ್ಲ. ಪ್ರಶ್ನೆಪತ್ರಿಕೆ ತೆಗೆಯುವವರ ಕಣ್ಣು ಇಂಥ ಕಡೆಯೇ ಇರುತ್ತದೆ.

ಚಿತ್ರಗಳನ್ನು ನೋಡುವುದು ಬೇರೆ, ಬಿಡಿಸುವುದು ಬೇರೆ. ಹೃದಯ, ನೆಫ್ರಾನ್, ಹೂವಿನ ಸೀಳುನೋಟ ಇವನ್ನು ಹಳೆಯ ಸ್ಲೇಟಿನ ಮೇಲೆ ನೋಡದೆ ಬಿಡಿಸಿ, ಭಾಗಗಳನ್ನು ಗುರುತಿಸಿ, ಹೋಲಿಸಿ, ಅಳಿಸಿ. ಅಂದವಾಗಬೇಕಿಲ್ಲ, ಭಾಗಗಳು ತಮ್ಮ ತಮ್ಮ ಜಾಗದಲ್ಲಿದ್ದರೆ ಸಾಕು. ಮೊಬೈಲಿನ ವಿಡಿಯೊ ಪಾಠಗಳಿಗೂ ಇದೇ ನಿಯಮ. ಹತ್ತು ನಿಮಿಷ ನೋಡಿ, ನಿಲ್ಲಿಸಿ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಬಂದು, ಕೇಳಿದ್ದನ್ನು ಬರೆಯಿರಿ.

ತಾಯಿತಂದೆಯರಿಗೊಂದು ಮಾತು

‘ನಮಗೆ ಇಂಗ್ಲಿಷ್ ಬಾರದು, ನಾವೇನು ಸಹಾಯ ಮಾಡಲಾದೀತು?’ ಎಂದು ಅನೇಕ ತಾಯಂದಿರು ಕೇಳುತ್ತಾರೆ. ನೀವು ಪಾಠ ಹೇಳಬೇಕಿಲ್ಲ, ಪಾಠ ಕೇಳಬೇಕು. ಸೊಪ್ಪು ಬಿಡಿಸುತ್ತಾ ಕೂತಾಗ ಮಗನನ್ನು ಪಕ್ಕಕ್ಕೆ ಕರೆದು ‘ಇವತ್ತು ಓದಿದ್ದನ್ನು ನನಗೆ ಕನ್ನಡದಲ್ಲಿ ಹೇಳು’ ಎನ್ನಿ. ನಡುನಡುವೆ ‘ಅದು ಯಾಕೆ ಹಾಗೆ?’ ಎಂದು ಕೇಳಿ. ತಡವರಿಸಿದ ಜಾಗ ಯಾವುದೆಂದು ಅವನಿಗೇ ತಿಳಿಯುತ್ತದೆ. ಇದಕ್ಕಿಂತ ಒಳ್ಳೆಯ ಪುನರಾವರ್ತನೆ ಯಾವ ಟ್ಯೂಷನ್ನಿನಲ್ಲೂ ಸಿಗಲಾರದು.

ಎಷ್ಟು ಗಂಟೆ ಕೂತ ಎಂಬುದನ್ನು ಅಳೆಯಬೇಡಿ. ಪುಸ್ತಕದ ಮುಂದೆ ನಾಲ್ಕು ಗಂಟೆ ತೂಕಡಿಸುವುದಕ್ಕಿಂತ ಪುಸ್ತಕ ಮುಚ್ಚಿ ಬರೆದ ಒಂದು ಗಂಟೆ ಮೇಲು. ಹಾಗೆ ಬರೆಯುವುದು ಓದುವುದಕ್ಕಿಂತ ಕಷ್ಟದ ಕೆಲಸ. ಮಗು ಬೇಗ ದಣಿಯುತ್ತದೆ. ಅದನ್ನು ಸೋಮಾರಿತನವೆಂದು ಗದರಬೇಡಿ.

ಇನ್ನು ನಿದ್ದೆ. 1924ರಲ್ಲೇ ಜೆಂಕಿನ್ಸ್ ಮತ್ತು ಡಾಲನ್‌ಬಾಕ್ ಎಂಬ ಸಂಶೋಧಕರು, ಕಲಿತ ಮೇಲೆ ಎಚ್ಚರವಾಗಿದ್ದಾಗಿಗಿಂತ ನಿದ್ದೆ ಮಾಡಿದಾಗ ಮರೆವು ಕಡಿಮೆ ಎಂದು ತೋರಿಸಿದರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದುವುದು ಒಳ್ಳೆಯದೇ, ರಾತ್ರಿ ಒಂಬತ್ತಕ್ಕೆ ಮಲಗಿದ್ದರೆ. ಹನ್ನೆರಡಕ್ಕೆ ಮಲಗಿಸಿ ನಾಲ್ಕಕ್ಕೆ ಎಬ್ಬಿಸಿದರೆ ಹಿಂದಿನ ದಿನದ ದುಡಿಮೆಯೂ ಕೈಜಾರುತ್ತದೆ.

ಬಾಯಿಪಾಠ ಕೀಳಲ್ಲ. ಮಗ್ಗಿ ಬಾರದೆ ಗಣಿತವಿಲ್ಲ, ಹೆಸರು ಬಾರದೆ ಜೀವಶಾಸ್ತ್ರವಿಲ್ಲ. ಆದರೆ ಗಿಳಿಪಾಠದಲ್ಲಿ ನಿಂತವರಿಗೆ ಈ ವಿಷಯ ಹೊರೆ. ಅರ್ಥ ತಿಳಿದು, ಕಾಲಕಾಲಕ್ಕೆ ನೆನಪಿಸಿಕೊಂಡವರಿಗೆ ಇದು ತಮ್ಮ ಮೈಯ ಕಥೆ, ತಮ್ಮ ಹಿತ್ತಲಿನ ಕಥೆ. ಇಂದು ಸಂಜೆಯೇ ಒಂದು ಅಧ್ಯಾಯ ಆರಿಸಿಕೊಳ್ಳಿ, ಒಮ್ಮೆ ಓದಿ, ಪುಸ್ತಕ ಮುಚ್ಚಿ. ಎಷ್ಟು ಬಂತೆಂದು ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮುಂದಿನ ವಾರ ಅದೇ ಅಧ್ಯಾಯವನ್ನು ಮತ್ತೆ ಬರೆದು ನೋಡಿ. ‘ನನ್ನ ತಲೆಗೆ ಹತ್ತುವುದಿಲ್ಲ’ ಎಂಬ ತೀರ್ಮಾನವನ್ನು ಅಲ್ಲಿಯವರೆಗಾದರೂ ಮುಂದೂಡಿ.