ಮಾಹಿಷ್ಮತಿ ಯಾರ ಸ್ವತ್ತು? ಪರರ ಲೋಕದಲ್ಲಿ ಕಾದಂಬರಿಕಾರನ ಹಾದಿ

ಬೆಂಗಳೂರು: ಕಟ್ಟಪ್ಪನು ಬಾಹುಬಲಿಯನ್ನು ಕೊಂದದ್ದೇಕೆ? ಈ ಪ್ರಶ್ನೆ 2015ರ ಜುಲೈನಿಂದ 2017ರ ಏಪ್ರಿಲ್‌ವರೆಗೆ ಇಡೀ ದೇಶವನ್ನು ಕಾಡಿತು. ಜಯನಗರದ ಹೋಟೆಲುಗಳಲ್ಲಿ ಕಾಫಿಯ ಜೊತೆಗೂ ಅದೇ ಮಾತು, ಜೆ.ಪಿ. ನಗರದ ಚಿತ್ರಮಂದಿರಗಳ ಮುಂದೆಯೂ ಅದೇ ಮಾತು. ಉತ್ತರ ತೆರೆಯ ಮೇಲೆ ಬರುವುದಕ್ಕೆ ಸ್ವಲ್ಪ ಮೊದಲು, 2017ರ ಮಾರ್ಚ್‌ನಲ್ಲಿ, ಅದೇ ಕಟ್ಟಪ್ಪ ಮತ್ತು ಅದೇ ಶಿವಗಾಮಿ ಇರುವ ಇಂಗ್ಲಿಷ್ ಕಾದಂಬರಿಯೊಂದು ಪುಸ್ತಕದಂಗಡಿಗಳನ್ನು ತಲುಪಿತು. ಹೆಸರು 'ದಿ ರೈಸ್ ಆಫ್ ಶಿವಗಾಮಿ'. ಬರೆದವರು ಆನಂದ್ ನೀಲಕಂಠನ್. ಆ ಪ್ರಶ್ನೆಗೆ ಉತ್ತರ ಮಾತ್ರ ಅದರಲ್ಲಿರಲಿಲ್ಲ. ಉತ್ತರ ಹೇಳುವ ಹಕ್ಕು ಸಿನಿಮಾದವರದು. ಕಾದಂಬರಿಕಾರರು ಅದಕ್ಕೂ ಹಿಂದಿನ ಕಥೆಯನ್ನು ಬರೆದಿದ್ದರು.

ಸಿನಿಮಾ, ಟಿ.ವಿ. ಧಾರಾವಾಹಿ ಅಥವಾ ಗೇಮ್ ಒಂದರ ಲೋಕವನ್ನು, ಅದರ ಒಡೆಯರ ಅನುಮತಿ ಪಡೆದು, ಪುಸ್ತಕದಲ್ಲಿ ಮುಂದುವರಿಸುವ ಇಂಥ ಕೃತಿಗಳನ್ನು ಪ್ರಕಾಶನ ಜಗತ್ತು 'ಟೈ-ಇನ್' ಕಾದಂಬರಿ ಎಂದು ಕರೆಯುತ್ತದೆ. ಅಮೆರಿಕದಲ್ಲಿ ಇದನ್ನೇ ವೃತ್ತಿಯಾಗಿಸಿಕೊಂಡ ಲೇಖಕರಿದ್ದಾರೆ. ಭಾರತಕ್ಕೆ ಇದು ಇನ್ನೂ ಹೊಸದು. ನೀಲಕಂಠನ್ ಅವರ ಬರಹದ ಹಾದಿಯನ್ನು ಗಮನಿಸಿದರೆ ಈ ಕಸುಬಿನ ಲಾಭವೇನು, ಅಪಾಯವೇನು ಎಂಬುದು ಸ್ಪಷ್ಟವಾಗುತ್ತದೆ.

ಬೆಳಗಾವಿಯಿಂದ ಆರಂಭ

ನೀಲಕಂಠನ್ ಹುಟ್ಟಿದ್ದು 1973ರಲ್ಲಿ, ಕೇರಳದ ತ್ರಿಪ್ಪುಣಿತ್ತುರದಲ್ಲಿ. ಓದಿದ್ದು ಎಂಜಿನಿಯರಿಂಗ್. ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿ ನಮ್ಮ ಬೆಳಗಾವಿಯಲ್ಲಿ ನೆಲೆಸಿದ್ದಾಗ, 2012ರಲ್ಲಿ, ಅವರ ಮೊದಲ ಕಾದಂಬರಿ 'ಅಸುರ' ಪ್ರಕಟವಾಯಿತು. ಸೋತ ರಾವಣನ ದೃಷ್ಟಿಯಿಂದ ರಾಮಾಯಣವನ್ನು ಹೇಳಿದ ಆ ಪುಸ್ತಕ ಭರದಿಂದ ಮಾರಾಟವಾಯಿತು. ಆ ಬಳಿಕ ದುರ್ಯೋಧನನ ಕಡೆಯಿಂದ ಮಹಾಭಾರತವನ್ನು ನೋಡುವ 'ಅಜಯ' 2013ರಲ್ಲಿ, ಅದರ ಎರಡನೆಯ ಭಾಗ 2015ರಲ್ಲಿ ಬಂದವು. ಕೇರಳದ ಮಲನಡದಲ್ಲಿ ದುರ್ಯೋಧನನಿಗೆ ಗುಡಿಯಿರುವುದು ಆ ಕೃತಿಗೆ ಪ್ರೇರಣೆಯಾಗಿತ್ತು. ಕಿರುತೆರೆಯ 'ಸಿಯಾ ಕೆ ರಾಮ್' ಧಾರಾವಾಹಿಗೂ ಅವರು ಬರೆದರು.

ಇಲ್ಲಿಯವರೆಗೆ ಅವರು ಯಾರ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ. ರಾಮಾಯಣ, ಮಹಾಭಾರತಗಳಿಗೆ ಒಡೆಯರಿಲ್ಲ. ಪಂಪ ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡ. ಕುಮಾರವ್ಯಾಸ ಅದೇ ಕಥೆಯನ್ನು ಕೃಷ್ಣನ ಕಥೆಯಾಗಿಸಿದ. ಯಕ್ಷಗಾನದ ಪ್ರಸಂಗಕರ್ತರು ಒಂದೊಂದು ಪರ್ವವನ್ನು ಒಂದೊಂದು ರಾತ್ರಿಯ ಆಟವಾಗಿಸಿದರು. ಅನ್ಯರು ಕಟ್ಟಿದ ಲೋಕದಲ್ಲಿ ಹೊಸದನ್ನು ಬರೆಯುವುದು ಕನ್ನಡಕ್ಕೆ ಹೊಸತೇನಲ್ಲ. ಆದರೆ ಆ ಲೋಕಕ್ಕೆ ಬಾಗಿಲೂ ಇರಲಿಲ್ಲ, ಬೀಗವೂ ಇರಲಿಲ್ಲ.

ಮಾಹಿಷ್ಮತಿಗೆ ಬೀಗವಿದೆ. ರಾಯಚೂರು ಜಿಲ್ಲೆಯಲ್ಲಿ ಜನಿಸಿದ ಎಸ್.ಎಸ್. ರಾಜಮೌಳಿ ನಿರ್ದೇಶಿಸಿದ, ಅವರ ತಂದೆ ವಿ. ವಿಜಯೇಂದ್ರ ಪ್ರಸಾದ್ ಕಥೆ ಹೆಣೆದ 'ಬಾಹುಬಲಿ'ಯನ್ನು ನಿರ್ಮಿಸಿದ್ದು ಹೈದರಾಬಾದಿನ ಆರ್ಕಾ ಮೀಡಿಯಾವರ್ಕ್ಸ್. ಆ ಲೋಕದ ಪೂರ್ವಕಥೆಯನ್ನು ಬರೆಯುವ ಕೆಲಸ ನೀಲಕಂಠನ್ ಅವರಿಗೆ ಒಪ್ಪಿತವಾಯಿತು. ಮೊದಲ ಸಂಪುಟದ ನಂತರ 'ಚತುರಂಗ' 2020ರಲ್ಲಿ, 'ಕ್ವೀನ್ ಆಫ್ ಮಾಹಿಷ್ಮತಿ' 2021ರಲ್ಲಿ ಪ್ರಕಟವಾಗಿ ಮೂರು ಸಂಪುಟಗಳು ಪೂರ್ಣಗೊಂಡವು.

ಅಂತ್ಯ ಗೊತ್ತಿರುವ ಕಥೆ

ಪೂರ್ವಕಥೆ ಬರೆಯುವವರ ಮುಖ್ಯ ತೊಡಕೆಂದರೆ, ಓದುಗರಿಗೆ ಅಂತ್ಯ ಮೊದಲೇ ಗೊತ್ತಿರುತ್ತದೆ. ಶಿವಗಾಮಿ, ಕಟ್ಟಪ್ಪ, ಬಿಜ್ಜಳದೇವರನ್ನು ಕಾದಂಬರಿಯಲ್ಲಿ ಕೊಲ್ಲುವಂತಿಲ್ಲ; ಅವರು ಸಿನಿಮಾಕ್ಕೆ ಜೀವಂತವಾಗಿ ಬರಲೇಬೇಕು. ಹೀಗಾಗಿ ನೀಲಕಂಠನ್ ಸಿನಿಮಾದಲ್ಲಿಲ್ಲದ ಅಧಿಕಾರಿಗಳು, ವ್ಯಾಪಾರಿಗಳು, ಗುಲಾಮರು, ದಂಗೆಕೋರರನ್ನು ಸೃಷ್ಟಿಸಿದರು. ಇವರ ಬದುಕು-ಸಾವುಗಳು ಮಾತ್ರ ಲೇಖಕರ ಕೈಯಲ್ಲಿದ್ದವು.

ಕಾದಂಬರಿಯ ಶಿವಗಾಮಿಯ ತಂದೆಯನ್ನು ರಾಜದ್ರೋಹಿಯೆಂದು ಮಾಹಿಷ್ಮತಿಯ ಅರಸ ಕೊಲ್ಲಿಸಿರುತ್ತಾನೆ. ಆ ರಾಜ್ಯವನ್ನೇ ನಾಶ ಮಾಡುವೆನೆಂದು ಅನಾಥ ಬಾಲಕಿ ಶಪಥ ಮಾಡುತ್ತಾಳೆ. ಸಿನಿಮಾದ ಶಿವಗಾಮಿಯಾದರೋ ಅದೇ ಸಿಂಹಾಸನವನ್ನು ಕಾಯುವ ರಾಜಮಾತೆ. ದ್ವೇಷಿಯೊಬ್ಬಳು ರಕ್ಷಕಿಯಾದ ಬಗೆಯನ್ನು ನಂಬುವಂತೆ ಹೇಳುವುದೇ ಈ ಸಂಪುಟಗಳ ಹೊಣೆ. ಕಟ್ಟಪ್ಪನ ಗುಲಾಮಗಿರಿಯೂ ಹಾಗೆಯೇ. ತೆರೆಯ ಮೇಲೆ ಅದು ಸ್ವಾಮಿನಿಷ್ಠೆಯಾಗಿ ಮೆರೆಯುತ್ತದೆ. ಪುಸ್ತಕದಲ್ಲಿ ಅದರ ನೋವಿಗೆ ಪುಟಗಳು ಸಿಗುತ್ತವೆ. ಸೋತವರ ಪರವಾಗಿ ಬರೆಯುತ್ತಿದ್ದ ಲೇಖಕರು ಪರರ ಲೋಕದಲ್ಲಿಯೂ ತಮ್ಮ ವಸ್ತುವನ್ನೇ ಹುಡುಕಿಕೊಂಡರೆನ್ನಬಹುದು.

ಹೆಸರು ಎಲ್ಲರದು, ಪಾತ್ರ ಒಬ್ಬರದು

ಮಾಹಿಷ್ಮತಿ ಎಂಬ ಹೆಸರು ಸಿನಿಮಾದವರ ಸೃಷ್ಟಿಯಲ್ಲ. ಪುರಾಣಗಳಲ್ಲಿ ಅದು ಹೈಹಯ ದೊರೆ ಕಾರ್ತವೀರ್ಯಾರ್ಜುನನ ರಾಜಧಾನಿ. ಶಿವಗಾಮಿ ಎಂಬ ಹೆಸರಿನ ನಾಯಕಿ 1940ರ ದಶಕದಲ್ಲಿಯೇ ಕಲ್ಕಿ ಕೃಷ್ಣಮೂರ್ತಿಯವರ ತಮಿಳು ಕಾದಂಬರಿಯಲ್ಲಿದ್ದಳು. ಬಿಜ್ಜಳನ ಹೆಸರು ಕೇಳಿದರೆ ಕನ್ನಡಿಗರಿಗೆ ನೆನಪಾಗುವುದು ಕಲ್ಯಾಣ. ಬರಿಯ ಹೆಸರಿಗೆ, ಬರಿಯ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ. ಆ ಹೆಸರುಗಳನ್ನು ಹೊತ್ತ ಪಾತ್ರಗಳ ನಿರ್ದಿಷ್ಟ ಸ್ವಭಾವ, ಸಂಬಂಧ ಮತ್ತು ಕಥೆಯ ಹೆಣಿಗೆಗೆ ಅದು ಉಂಟು. ಪುರಾಣದ ಮಾಹಿಷ್ಮತಿಯ ಬಗ್ಗೆ ಬನಶಂಕರಿಯ ಯುವ ಲೇಖಕಿ ಇಂದೇ ಕಾದಂಬರಿ ಆರಂಭಿಸಬಹುದು. ಕಟ್ಟಪ್ಪ ಕಾವಲಿರುವ ಮಾಹಿಷ್ಮತಿಯ ಬಗ್ಗೆ ಬರೆಯಬೇಕಾದರೆ ಅನುಮತಿ ಬೇಕು. ಚಲನಚಿತ್ರದ ಕೃತಿಸ್ವಾಮ್ಯದ ಅವಧಿ 60 ವರ್ಷ. 2015ರ ಮೊದಲ ಚಿತ್ರದ ಲೆಕ್ಕದಲ್ಲಿ ಅದು 2075ರ ಅಂತ್ಯದವರೆಗೆ ನಡೆಯುತ್ತದೆ.

ಫೋಸ್ಟರ್ ಕಂಡ ಸಂಕಷ್ಟ

ಪರರ ಲೋಕಕ್ಕೆ ದುಡಿದವರಿಗೆ ಏನಾಗಬಹುದೆಂಬುದಕ್ಕೆ ಅಮೆರಿಕದ ಅಲನ್ ಡೀನ್ ಫೋಸ್ಟರ್ ನಿದರ್ಶನ. 1977ರ 'ಸ್ಟಾರ್ ವಾರ್ಸ್' ಚಿತ್ರದ ಕಾದಂಬರಿ ರೂಪ ತೆರೆಗಿಂತ ಮೊದಲೇ, 1976ರಲ್ಲಿ, ಹೊರಬಂದಿತು. ಬರೆದವರು ಫೋಸ್ಟರ್, ಮುಖಪುಟದಲ್ಲಿದ್ದ ಹೆಸರು ನಿರ್ದೇಶಕ ಜಾರ್ಜ್ ಲ್ಯೂಕಾಸ್ ಅವರದು. 1978ರಲ್ಲಿ ಅದೇ ಲೋಕದ ಹೊಸ ಕಥೆಯೊಂದನ್ನು ಫೋಸ್ಟರ್ ತಮ್ಮ ಹೆಸರಿನಲ್ಲೇ ಪ್ರಕಟಿಸಿದರು. 1979ರಲ್ಲಿ 'ಏಲಿಯನ್' ಚಿತ್ರವನ್ನು ಕಾದಂಬರಿಯಾಗಿಸಿದರು.

ಮುಂದೆ ಲ್ಯೂಕಾಸ್‌ಫಿಲ್ಮ್ 2012ರಲ್ಲಿ, ಫಾಕ್ಸ್ 2019ರಲ್ಲಿ ಡಿಸ್ನಿಯ ಪಾಲಾದವು. ತಮ್ಮ ಪುಸ್ತಕಗಳು ಮಾರಾಟವಾಗುತ್ತಿದ್ದರೂ ರಾಯಲ್ಟಿ ಬರುತ್ತಿಲ್ಲವೆಂದು ಫೋಸ್ಟರ್ 2020ರ ನವೆಂಬರ್‌ನಲ್ಲಿ ಬಹಿರಂಗವಾಗಿ ದೂರಿದರು. ಕೊಂಡದ್ದು ಹಕ್ಕುಗಳನ್ನೇ ಹೊರತು ಹಳೆಯ ಹೊಣೆಗಳನ್ನಲ್ಲ ಎಂಬುದು ಡಿಸ್ನಿಯ ವಾದವೆಂದು ಅವರ ಬೆನ್ನಿಗೆ ನಿಂತ ವಿಜ್ಞಾನ ಕಥಾ ಲೇಖಕರ ಸಂಘಟನೆ ತಿಳಿಸಿತು. 2021ರಲ್ಲಿ ಫೋಸ್ಟರ್ ಅವರ ವಿಷಯ ಇತ್ಯರ್ಥವಾಯಿತು.

ಇನ್ನೊಂದು ಅಪಾಯವೂ ಉಂಟು. ದಶಕಗಳ ಕಾಲ ಹತ್ತಾರು ಲೇಖಕರು ಬರೆದಿದ್ದ 'ಸ್ಟಾರ್ ವಾರ್ಸ್' ಕಾದಂಬರಿಗಳು ಇನ್ನು ಅಧಿಕೃತ ಕಥೆಯ ಭಾಗವಲ್ಲವೆಂದು 2014ರಲ್ಲಿ ಒಡೆಯರು ಘೋಷಿಸಿದರು. ಪುಸ್ತಕಗಳು ಉಳಿದವು, ಅವುಗಳಲ್ಲಿ ನಡೆದದ್ದು 'ನಡೆಯದೇ' ಹೋಯಿತು.

ಮಾಹಿಷ್ಮತಿಯ ಕಾದಂಬರಿಯೂ ಅನ್ಯರ ನಿರ್ಧಾರಗಳಿಗೆ ಹೊರತಾಗಲಿಲ್ಲ. 'ದಿ ರೈಸ್ ಆಫ್ ಶಿವಗಾಮಿ'ಯನ್ನು ಆಧರಿಸಿದ ಸರಣಿಯನ್ನು ನೆಟ್‌ಫ್ಲಿಕ್ಸ್ 2018ರಲ್ಲಿ ಘೋಷಿಸಿತಾದರೂ ಅದು ತೆರೆ ಕಾಣಲಿಲ್ಲ. ಮೊದಲ ಸಂಪುಟದ ಪ್ರಕಾಶಕರಾದ ವೆಸ್ಟ್‌ಲ್ಯಾಂಡ್ ಸಂಸ್ಥೆಯನ್ನು ಮುಚ್ಚುವುದಾಗಿ ಅದರ ಒಡೆತನವಿದ್ದ ಅಮೆಜಾನ್ 2022ರಲ್ಲಿ ಪ್ರಕಟಿಸಿತು. ಅದೇ ವರ್ಷ ಬೆಂಗಳೂರಿನ ಪ್ರತಿಲಿಪಿಯ ನೆರವಿನಿಂದ ಆ ತಂಡ ಮತ್ತೆ ತಲೆಯೆತ್ತಿತು. ಇಂಥ ಹೊತ್ತಿನಲ್ಲಿ ಸ್ವತಂತ್ರ ಕಾದಂಬರಿಯ ಲೇಖಕ ತನ್ನ ಹಕ್ಕನ್ನು ಹಿಂಪಡೆದು ಬೇರೆ ಪ್ರಕಾಶಕರ ಬಳಿಗೆ ಹೋಗಬಹುದು. ಟೈ-ಇನ್ ಲೇಖಕ ಲೋಕದ ಒಡೆಯರ ಮುಖವನ್ನೂ ನೋಡಬೇಕಾಗುತ್ತದೆ.

ನಮ್ಮ ಕಾಯ್ದೆ ಹೇಳುವುದೇನು?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಬಳದ ನೌಕರಿಯ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರಿಗೆ ಸೇರುತ್ತದೆ. ಹೊರಗಿನಿಂದ ಬರೆದುಕೊಡುವ ಲೇಖಕನೇ ಸಾಮಾನ್ಯವಾಗಿ ಮೊದಲ ಒಡೆಯ. ಹಕ್ಕು ವರ್ಗಾವಣೆಗೆ ಸಹಿ ಮಾಡಿದ ಬರಹ ಬೇಕೇ ಬೇಕು. ಆ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾಯ್ದೆ ಪರಿಗಣಿಸುತ್ತದೆ. ಹಕ್ಕನ್ನೆಲ್ಲ ಮಾರಿದ ಮೇಲೂ ಕೃತಿಯ ಕರ್ತೃ ತಾನೆಂದು ಹೇಳಿಕೊಳ್ಳುವ ಮತ್ತು ಹೆಸರಿಗೆ ಕುಂದು ತರುವ ವಿರೂಪವನ್ನು ಪ್ರಶ್ನಿಸುವ ಅಧಿಕಾರ 57ನೇ ವಿಧಿಯನ್ವಯ ಲೇಖಕನಲ್ಲೇ ಉಳಿಯುತ್ತದೆ. ಒಡೆತನ ಕೈ ಬದಲಾದರೆ ರಾಯಲ್ಟಿ ಕೊಡುವವರು ಯಾರು ಎಂಬ ಸಾಲು ಒಪ್ಪಂದದಲ್ಲಿದೆಯೇ ಎಂದು ನೋಡಿಕೊಳ್ಳುವುದು ಫೋಸ್ಟರ್ ಪ್ರಕರಣದಿಂದ ಕಲಿಯಬೇಕಾದ ಪಾಠ.

ಕನ್ನಡಕ್ಕೇಕೆ ಈ ಮಾತು?

ಕನ್ನಡದಲ್ಲಿ ಹೊಳೆ ಇದುವರೆಗೆ ಕಾದಂಬರಿಯಿಂದ ಸಿನಿಮಾದತ್ತ ಹರಿದಿದೆ. ತ.ರಾ.ಸು. ಅವರ ಮೂರು ಕಾದಂಬರಿಗಳಿಂದ 1972ರಲ್ಲಿ 'ನಾಗರಹಾವು' ಬಂದಿತು. ಚಿತ್ರ ಗೆದ್ದರೂ ಮೂಲ ಲೇಖಕರ ಅತೃಪ್ತಿ ಗುಟ್ಟಾಗಿ ಉಳಿಯಲಿಲ್ಲ. ಸಿನಿಮಾದಿಂದ ಪುಸ್ತಕದತ್ತ ನಾವು ಕಂಡದ್ದು ಚಿತ್ರಮಂದಿರದ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕ ಮಾತ್ರ. ಅರ್ಧ ಕಥೆ ಹೇಳಿ, ಉಳಿದದ್ದನ್ನು ತೆರೆಯ ಮೇಲೆ ನೋಡಿರೆಂದು ಅದು ಕೈ ಮುಗಿಯುತ್ತಿತ್ತು.

ಈಗ 'ಕೆ.ಜಿ.ಎಫ್.' ಎರಡು ಭಾಗಗಳಲ್ಲಿ (2018, 2022) ಹಬ್ಬಿದೆ. 'ಕಾಂತಾರ'ಕ್ಕೆ (2022) ಪೂರ್ವಕಥೆಯೇ ಮತ್ತೊಂದು ಚಿತ್ರವಾಗಿ 2025ರಲ್ಲಿ ಬಂದಿದೆ. ಇಂಥ ಲೋಕಗಳಿಗೆ ಪುಸ್ತಕ ಬರೆದುಕೊಡಿರೆಂಬ ಕರೆ ಬಿಟಿಎಂ ಬಡಾವಣೆಯ ಬಾಡಿಗೆ ಕೋಣೆಯಲ್ಲಿರುವ ಲೇಖಕನಿಗೂ ನಾಳೆ ಬರಬಹುದು. ಕರೆ ಬಂದರೆ ಒಪ್ಪುವುದರಲ್ಲಿ ತಪ್ಪೇನಿಲ್ಲ. ಓದುಗರು ಸಿದ್ಧರಿರುತ್ತಾರೆ, ಪ್ರಚಾರವೂ ಸಿಗುತ್ತದೆ. ಆದರೆ ನೀಲಕಂಠನ್ ಮಾಹಿಷ್ಮತಿಗೆ ಹೋಗುವ ಮೊದಲು 'ಅಸುರ' ಅವರ ಸ್ವಂತ ಹೆಸರಿನಲ್ಲಿ ನಿಂತಿತ್ತು. ಆ ಕ್ರಮ ಹೊಸ ಲೇಖಕರ ನೆನಪಿನಲ್ಲಿರಲಿ.