ಅಪರೂಪದ ಕಾಯಿಲೆಗೆ ಔಷಧಿ ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ಚರ್ಮದ ಟಿ-ಕೋಶ ಲಿಂಫೋಮಾ ಎಂಬ ಕ್ಯಾನ್ಸರ್ ತೀರ ಅಪರೂಪವಂತೆ. ಹಾಗಿದ್ದರೆ ಹೊಸ ಔಷಧಿಗಳನ್ನು ಯಾರ ಮೇಲೆ ಪರೀಕ್ಷಿಸುತ್ತಾರೆ? ಕೆಲವರಿಗೆ ಬರೀ ಸಕ್ಕರೆ ಗುಳಿಗೆ ಕೊಡುತ್ತಾರೆಯೇ?

ಉತ್ತರ: ಒಂದು ದೇಶದ ರೋಗಿಗಳು ಸಾಲುವುದಿಲ್ಲ. ಮೊಗಾಮುಲಿಜುಮ್ಯಾಬ್ ಎಂಬ ಔಷಧಿಯ ಪರೀಕ್ಷೆಯನ್ನೇ ನೋಡಿ. ಅಮೆರಿಕ, ಯುರೋಪ್, ಜಪಾನ್, ಆಸ್ಟ್ರೇಲಿಯಾ ಎಂದು 11 ದೇಶಗಳ 61 ಕೇಂದ್ರಗಳು ಕೈಜೋಡಿಸಿದಾಗ ಸಿಕ್ಕಿದ್ದು 372 ಮಂದಿ. ಎಲ್ಲರೂ ಅದಕ್ಕೂ ಮುಂಚೆ ಬೇರೆ ಚಿಕಿತ್ಸೆ ಪಡೆದು ಫಲ ಕಾಣದವರು, ಇಲ್ಲವೇ ರೋಗ ಮರುಕಳಿಸಿದವರು. ಅಂಥವರಿಗೆ ಸಕ್ಕರೆ ಗುಳಿಗೆ ಕೊಡುವುದು ಅನ್ಯಾಯವೇ ಸರಿ. ಇಲ್ಲಿ ಕೊಡಲೂ ಇಲ್ಲ. ಚೀಟಿ ಎತ್ತಿದಂತೆ ಆರಿಸಿ ಅರ್ಧದಷ್ಟು ಜನರಿಗೆ ಹೊಸ ಔಷಧಿ, ಉಳಿದವರಿಗೆ ಆಗಲೇ ಬಳಕೆಯಲ್ಲಿದ್ದ ವೊರಿನೊಸ್ಟ್ಯಾಟ್ ಕೊಟ್ಟರು. ಅದು ಫಲಿಸದಿದ್ದರೆ ಹೊಸದಕ್ಕೆ ಬದಲಾಗುವ ಅವಕಾಶವೂ ಇತ್ತು.

ಹೊಸ ಔಷಧಿ ಪಡೆದವರಲ್ಲಿ ರೋಗ ಉಲ್ಬಣಿಸದೆ ಇದ್ದ ಮಧ್ಯಾಂಕ ಅವಧಿ 7.7 ತಿಂಗಳು, ಇನ್ನೊಂದು ಗುಂಪಿನಲ್ಲಿ 3.1. ರೋಗ ವಾಸಿಯಾಯಿತು ಎಂದಲ್ಲ, ಆದರೂ ಸಣ್ಣ ಲಾಭವೇನಲ್ಲ. 2018ರಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟಿತು.

ಭಾರತದಲ್ಲಿ ಇಂಥ ಪರೀಕ್ಷೆಗಳನ್ನು ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾ) ದಾಖಲೆಯಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ. ಅದನ್ನು ಯಾರು ಬೇಕಾದರೂ ನೋಡಬಹುದು. ಪರೀಕ್ಷೆಗೆ ಸೇರುವ ಮುನ್ನ ನಿಮ್ಮ ವೈದ್ಯರೊಂದಿಗೆ ಮಾತಾಡಿ.